ಫಿರಂಗಿ ಗೋಡೆ ಒಡೆಯಿತು, ಕೋಟೆ ಬಿದ್ದದ್ದು ಹಸಿವಿನಿಂದ: 1783ರ ಮಂಗಳೂರು ಮುತ್ತಿಗೆ

(ಎಪಿಸೋಡಿನ ಮಾತನ್ನು ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿ ಬರಹ ರೂಪಕ್ಕೆ ತರಲಾಗಿದೆ.)

 

2025ರ ಮೇ ತಿಂಗಳು ನೆನಪಿದೆ ಅಲ್ವಾ? ಗಡಿಯಲ್ಲಿ ಡ್ರೋನು, ಕ್ಷಿಪಣಿ ಹಾರಾಡ್ತಿದ್ದ ದಿನಗಳು. ಆಗ ಒಂದು ಬೆಳಿಗ್ಗೆ ದಾವಣಗೆರೆಯಲ್ಲಿ ದೋಸೆ ತಿನ್ನೋಕೆ ಹೋಗಿದ್ದೆ. ಪಕ್ಕದ ಟೇಬಲ್ಲಿನಲ್ಲಿ ನಾಲ್ಕು ಜನ ಹುಡುಗರು, ನನಗಿಂತ ಐದಾರು ವರ್ಷ ಚಿಕ್ಕವರು, ಮೊಬೈಲ್ ಹಿಡ್ಕೊಂಡು ವಾದ ಮಾಡ್ತಿದ್ರು. ಯಾವ ಕ್ಷಿಪಣಿ ಎಷ್ಟು ದೂರ ಹೋಗುತ್ತೆ, ಯಾವುದರ ಬೆಲೆ ಎಷ್ಟು ಕೋಟಿ, ಯಾರದ್ದು ಬೆಸ್ಟ್. ಕ್ರಿಕೆಟ್ ಪ್ಲೇಯರ್‌ಗಳ ಸ್ಟ್ರೈಕ್ ರೇಟ್ ಹೋಲಿಸ್ತೀವಲ್ಲ, ಥೇಟ್ ಹಾಗೇ. ಸುಳ್ಳು ಯಾಕೆ ಹೇಳ್ಲಿ, ನಾನೂ ಹಿಂದಿನ ರಾತ್ರಿ ಅದೇ ರೀಲ್ಸ್ ನೋಡಿ ಮಲಗಿದ್ದೆ.

ಆದರೆ ನಾನು ಓದಿದ್ದು ಬಿ.ಕಾಂ. ಬೆಳೆದದ್ದು ಕಿರಾಣಿ ಅಂಗಡಿಯಲ್ಲಿ. ಅಪ್ಪ ಯಾವಾಗಲೂ ಒಂದು ಮಾತು ಹೇಳ್ತಿದ್ರು: "ಗಲ್ಲಾ ನೋಡಬೇಡ, ಗೋಡೌನ್ ನೋಡು." ಗಲ್ಲಾಪೆಟ್ಟಿಗೆಯಲ್ಲಿ ಇವತ್ತು ಎಷ್ಟು ದುಡ್ಡಿದೆ ಅನ್ನೋದರಿಂದ ಅಂಗಡಿ ನಡೆಯಲ್ಲ, ನಾಳೆ ಮಾರೋಕೆ ಒಳಗೆ ಏನಿದೆ ಅನ್ನೋದರಿಂದ ನಡೆಯುತ್ತೆ. ಯುದ್ಧಕ್ಕೂ ಈ ಲೆಕ್ಕ ಅನ್ವಯ ಆಗುತ್ತಾ? ಅದನ್ನು ಹುಡುಕ್ತಾ ಹೋದಾಗ ಸಿಕ್ಕಿದ್ದು ನಮ್ಮದೇ ಕರಾವಳಿಯ ಕಥೆ. ತಿಂಗಳುಗಟ್ಟಲೆ ಮುತ್ತಿಗೆ, ಫಿರಂಗಿ ಏಟಿಗೆ ಒಡೆದ ಗೋಡೆ. ಆದರೂ ಫಿರಂಗಿಗೆ ಬೀಳದ ಕೋಟೆ. ಊರು ಮಂಗಳೂರು, ವರ್ಷ 1783.

ಶುರು ಮಾಡೋ ಮೊದಲು ಒಂದು ಮಾತು. ಈ ಕಥೆಯಲ್ಲಿ ಟಿಪ್ಪು ಸುಲ್ತಾನ್ ಬರ್ತಾನೆ. ಟಿಪ್ಪು ಹೀರೋನಾ ವಿಲನ್ನಾ ಅನ್ನೋ ಜಗಳಕ್ಕೆ ಕಾಮೆಂಟ್ ಬಾಕ್ಸಿನಲ್ಲಿ ಈಗಾಗಲೇ ಸಾಕಷ್ಟು ಜನ ಇದ್ದಾರೆ. ಇವತ್ತು ನಾವು ನೋಡೋದು ಫಿರಂಗಿ, ಗೋಡೆ ಮತ್ತು ಅಕ್ಕಿ. ಇನ್ನೊಂದು ವಿಷಯ: ಕೋಟೆ ಒಳಗೆ ಏನಾಯ್ತು ಅನ್ನೋ ವಿವರ ನಮಗೆ ಹೆಚ್ಚಾಗಿ ಸಿಗೋದು ಬ್ರಿಟಿಷರ ಬರಹಗಳಿಂದ. ಅದನ್ನು ನೆನಪಿಟ್ಟುಕೊಂಡೇ ಕೇಳಿ.

ಕೋಟೆ ಯಾರ ಕೈಯಲ್ಲಿತ್ತು?

ಆ ಕಾಲದಲ್ಲಿ ನಮ್ಮ ದಾವಣಗೆರೆ ಇನ್ನೂ ಚಿಕ್ಕ ಊರು. ಹೈದರಾಲಿ ಇದನ್ನು ಆಪೋಜಿ ರಾಮ ಅನ್ನೋ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಿದ್ದ. ಅವನು ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಊರಿನ ವ್ಯಾಪಾರದ ಬೇರು ಅಲ್ಲಿದೆ. ಅಂದ್ರೆ ನಾವೂ ಅದೇ ಮೈಸೂರು ರಾಜ್ಯದ ಒಳಗಿದ್ದೋರು. ಆ ರಾಜ್ಯಕ್ಕೆ ಸಮುದ್ರದ ಕಡೆಯ ದೊಡ್ಡ ಬಾಗಿಲು ಮಂಗಳೂರು. ಹಡಗು, ಅಕ್ಕಿ, ಮೆಣಸು, ಎಲ್ಲ ಆ ದಾರಿಯಲ್ಲೇ.

1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ. ಎರಡನೇ ಆಂಗ್ಲೋ-ಮೈಸೂರು ಯುದ್ಧ ಇನ್ನೂ ನಡೀತಿತ್ತು. ಇದೇ ಸಮಯ ಅಂತ ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೇನೆ ಜನರಲ್ ಮ್ಯಾಥ್ಯೂಸ್ ನೇತೃತ್ವದಲ್ಲಿ ಸಮುದ್ರ ಮಾರ್ಗವಾಗಿ ಬಂತು. 1783ರ ಜನವರಿಯಲ್ಲಿ ಹೊನ್ನಾವರ ಹಿಡಿದರು. ಅಲ್ಲಿಂದ ಘಟ್ಟ ಹತ್ತಿ ಬಿದನೂರು, ಅಂದ್ರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ಹೋದರು. ಮಾರ್ಚ್ ಹೊತ್ತಿಗೆ ಮಂಗಳೂರು ಕೋಟೆಯೂ ಅವರ ಕೈ ಸೇರಿತ್ತು.

ಟಿಪ್ಪು ದೊಡ್ಡ ಸೇನೆ ಜೊತೆ ವಾಪಸ್ ಬಂದ. ಏಪ್ರಿಲ್ ಕೊನೆಯ ಹೊತ್ತಿಗೆ ನಗರವನ್ನು ಮತ್ತೆ ಹಿಡಿದ, ಮ್ಯಾಥ್ಯೂಸ್ ಸೆರೆಯಾದ. ಅಲ್ಲಿಂದ ಘಟ್ಟ ಇಳಿದು ಮೇ ತಿಂಗಳಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದ. ಅವನ ಜೊತೆ ಫ್ರೆಂಚ್ ಸೈನಿಕರೂ ಇದ್ದರು. ಕೋಟೆ ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಅನ್ನೋ ಸ್ಕಾಟಿಷ್ ಅಧಿಕಾರಿ. ಅವನ ಕೈಕೆಳಗೆ ಕೆಲವು ನೂರು ಯುರೋಪಿಯನ್ ಸೈನಿಕರು, ಅವರಿಗಿಂತ ಹಲವು ಪಟ್ಟು ಭಾರತೀಯ ಸಿಪಾಯಿಗಳು.

ಇಲ್ಲೊಂದು ತಮಾಷೆ ಗಮನಿಸಿ. ಕರಾವಳಿ ಕೋಟೆ ಅಂದ್ರೆ ಸಮುದ್ರದಿಂದ ಬರೋ ಶತ್ರುವನ್ನು ತಡೆಯೋಕೆ. ಆದರೆ ಇಲ್ಲಿ ಸಮುದ್ರದಿಂದ ಬಂದವನು ಒಳಗೆ ಕೂತಿದ್ದಾನೆ, ಮನೆ ಯಜಮಾನ ಹೊರಗಿನಿಂದ ತನ್ನದೇ ಗೋಡೆಗೆ ಗುಂಡು ಹೊಡೀಬೇಕು.

ಫಿರಂಗಿ ಘಟ್ಟ ಇಳಿದದ್ದು ಹೇಗೆ?

ಆ ಕಾಲದಲ್ಲಿ ಯುರೋಪಿನಲ್ಲಿ ಕೋಟೆ ಒಡೆಯೋಕೆ ಬಳಸ್ತಿದ್ದ ದೊಡ್ಡ ಫಿರಂಗಿಗಳಲ್ಲಿ ಒಂದು '24 ಪೌಂಡರ್'. ಹೆಸರೇ ಹೇಳುವಂತೆ ಅದರ ಕಬ್ಬಿಣದ ಗುಂಡಿನ ತೂಕ 24 ಪೌಂಡ್, ಸುಮಾರು 11 ಕೆಜಿ. ಫಿರಂಗಿಯ ನಳಿಗೆ ಒಂದೇ ಎರಡೂವರೆ ಟನ್ ಹತ್ತಿರ. ಇಂಥದ್ದೇ ಭಾರದ ಸಾಮಾನನ್ನು ಟಾರ್ ರೋಡ್ ಇಲ್ಲದ ಕಾಲದಲ್ಲಿ ಪಶ್ಚಿಮ ಘಟ್ಟದ ತಿರುವುಗಳಲ್ಲಿ ಇಳಿಸೋದನ್ನು ಕಲ್ಪಿಸ್ಕೊಳ್ಳಿ.

ಇದಕ್ಕೆ ಉತ್ತರ ಎತ್ತು. ಬೆಣ್ಣೆ ಅಂದ್ರೆ ನಮಗೆ ದೋಸೆ ನೆನಪಾಗುತ್ತೆ. ಆದರೆ ಮೈಸೂರು ಒಡೆಯರ ಕಾಲದಿಂದ 'ಬೆಣ್ಣೆ ಚಾವಡಿ' ಅಂತ ಒಂದು ಸರ್ಕಾರಿ ಇಲಾಖೆ ಇತ್ತು. ಅರಮನೆಯ ಹಸುಗಳನ್ನು ನೋಡಿಕೊಳ್ಳೋದು ಅದರ ಕೆಲಸ. ಹೈದರಾಲಿ ಅದೇ ಹಿಂಡಿನ ಎತ್ತುಗಳನ್ನು ಸೇನೆಯ ಸಾಮಾನು, ಫಿರಂಗಿ ಎಳೆಯೋಕೆ ಬಳಸಿದ. ಟಿಪ್ಪು ಇಲಾಖೆಗೆ 'ಅಮೃತ ಮಹಲ್' ಅಂತ ಹೆಸರಿಟ್ಟ. ನಮ್ಮ ಚಿತ್ರದುರ್ಗ, ಅಜ್ಜಂಪುರದ ಕಡೆ ಇವತ್ತಿಗೂ ಅಮೃತ ಮಹಲ್ ಕಾವಲುಗಳಿವೆ. ನಮ್ಮ ಸುತ್ತಮುತ್ತಲ ಹುಲ್ಲುಗಾವಲಲ್ಲಿ ಮೇಯೋ ತಳಿ ಅದು.

ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಫಿರಂಗಿ ಅಸೆಟ್, ಎತ್ತು ಲಾಜಿಸ್ಟಿಕ್ಸ್. ಎತ್ತಿಲ್ಲದ ಫಿರಂಗಿ ಬರೀ ಗುಜರಿ.

ಹರಿಹರದ ಮಾವ ಹೇಳಿದ ಫಿಟ್ಟಿಂಗ್ ಪಾಠ

ಇಷ್ಟು ದೊಡ್ಡ ಫಿರಂಗಿ ಇದ್ದರೂ ಗೋಡೆ ಒಡೆಯೋಕೆ ವಾರಗಟ್ಟಲೆ ಯಾಕೆ ಬೇಕಾಗ್ತಿತ್ತು? ಇದು ನನಗೆ ಅರ್ಥ ಆಗಿರಲಿಲ್ಲ. ಹರಿಹರದಲ್ಲಿರೋ ನನ್ನ ಸೋದರಮಾವನಿಗೆ ಕೇಳಿದೆ. ಅವರು ಜೀವನವೆಲ್ಲ ಲೇಥ್ ಮಷೀನ್ ಮುಂದೆ ನಿಂತೋರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾದಾಗಿನಿಂದ ಹರಿಹರ ಅಂದ್ರೆ ಲೇಥ್ ಅನ್ನೋ ಹೆಸರು. ಆ ಊರಲ್ಲಿ ಪ್ರತಿ ಬೀದಿಗೂ ಒಬ್ಬ ಟರ್ನರ್ ಸಿಗ್ತಾರೆ.

ಮಾವನಿಗೆ ಹಳೇ ಫಿರಂಗಿಯ ಅಳತೆ ಹೇಳಿದೆ. 24 ಪೌಂಡರ್‌ನ ಒಳವ್ಯಾಸಕ್ಕೂ ಗುಂಡಿನ ವ್ಯಾಸಕ್ಕೂ ಆರೇಳು ಮಿಲಿಮೀಟರ್ ವ್ಯತ್ಯಾಸ ಇರ್ತಿತ್ತು. ಮಾವ ನಕ್ಕುಬಿಟ್ರು.

"ಏಳು ಎಂಎಂ? ಲೇ ತಮ್ಮಾ, ನಾವು ಪಾಯಿಂಟ್ ಜೀರೋ ಟೂ ಬಿಟ್ರೆ ಇನ್ಸ್‌ಪೆಕ್ಷನ್‌ನಾಗೆ ರಿಜೆಕ್ಟ್ ಮಾಡ್ತಿದ್ರು. ಏಳು ಎಂಎಂ ಅಂದ್ರೆ ಬೆರಳು ಹೋಗ್ತೈತೆ!"

"ಅಷ್ಟು ಸಂದಿ ಇದ್ರೆ ಏನಾಗುತ್ತೆ ಮಾವ?"

"ಏನಾಗ್ತೈತೆ? ಮದ್ದು ಸುಟ್ಟಾಗ ಬರೋ ಗ್ಯಾಸ್ ಅರ್ಧ ಸಂದಿಯಾಗೇ ಹೊರಗೆ ಹೋಗ್ತೈತೆ. ಗುಂಡು ಒಳಗೆ ಆ ಕಡೆ ಈ ಕಡೆ ಬಡ್ಕೊಂಡು, ಕೊನೆಗೆ ಯಾವ ಕಡೆ ತಾಗಿರ್ತೈತೋ ಅದರ ಎದುರು ದಿಕ್ಕಿಗೆ ಸ್ವಲ್ಪ ವಾಲ್ಕೊಂಡು ಹೋಗ್ತೈತೆ. ಗುರಿ ಎಲ್ಲಿಂದ ಬರ್ಬೇಕು?"

'ಅರ್ಧ' ಅನ್ನೋದು ಮಾವನ ಮಾತಿನ ಧಾಟಿ, ಲ್ಯಾಬ್ ರಿಪೋರ್ಟ್ ಅಲ್ಲ. ಆದರೆ ವಿಷಯ ನಿಜ. ಆ ಸಂದಿ ಬೇಕಂತಲೇ ಬಿಡ್ತಿದ್ದದ್ದು. ಗುಂಡು ಪೂರ್ತಿ ದುಂಡಗೆ ಇರ್ತಿರಲಿಲ್ಲ, ತುಕ್ಕು ಹಿಡೀತಿತ್ತು, ನಳಿಗೆಯ ಒಳಗೆ ಮಸಿ ಕಟ್ಟುತ್ತಿತ್ತು. ಟೈಟ್ ಆದ್ರೆ ಗುಂಡು ಸಿಕ್ಕಿಹಾಕಿಕೊಂಡು ಫಿರಂಗಿಯೇ ಸಿಡಿದು ಹೊಡೆಯುವವನೇ ಸಾಯೋ ಅಪಾಯ. ಇಂಗ್ಲೆಂಡಿನಲ್ಲಿ ಜಾನ್ ವಿಲ್ಕಿನ್ಸನ್ ಅನ್ನೋ ಕಬ್ಬಿಣದ ಉದ್ಯಮಿ 1774ರಲ್ಲಷ್ಟೇ ಗಟ್ಟಿ ಎರಕದ ಫಿರಂಗಿಯನ್ನು ನಿಖರವಾಗಿ ಕೊರೆಯೋ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಅದೇ ಕೊರೆಯುವ ಕೌಶಲ ಸ್ವಲ್ಪ ದಿನದಲ್ಲೇ ಜೇಮ್ಸ್ ವ್ಯಾಟ್‌ನ ಸ್ಟೀಮ್ ಎಂಜಿನ್ ಸಿಲಿಂಡರಿಗೆ ಬಂತು. ಫಿರಂಗಿ ಕೊರೆಯೋ ಮಷೀನಿಗೂ ಹರಿಹರದ ಲೇಥಿಗೂ ಒಂಥರಾ ದೂರದ ನೆಂಟಸ್ತನ ಇದೆ.

ಪಾಠ ಏನು? ದೂರದಿಂದ ಹೊಡೆದರೆ ಗುಂಡು ಗೋಡೆಗೆ ಬೀಳ್ತಿತ್ತು, ಆದರೆ ಬೇಕಾದ ಜಾಗಕ್ಕೆ ಬೀಳ್ತಿರಲಿಲ್ಲ. ಗೋಡೆ ಕುಸೀಬೇಕು ಅಂದ್ರೆ ಒಂದೇ ಜಾಗಕ್ಕೆ ನೂರಾರು ಏಟು ಬೀಳ್ಬೇಕು. ಅದಕ್ಕೆ ಫಿರಂಗಿ ಹತ್ತಿರ ಬರ್ಬೇಕು. ಹತ್ತಿರ ಬರೋಕೆ ಒಳಗಿನವರ ಗುಂಡಿನಿಂದ ತಪ್ಪಿಸಿಕೊಳ್ತಾ ಕಂದಕ ಅಗೀತಾ ಸಾಗ್ಬೇಕು. ಅಂದ್ರೆ ಮುತ್ತಿಗೆಯಲ್ಲಿ ಫಿರಂಗಿಗಿಂತ ಹೆಚ್ಚು ಕೆಲಸ ಮಾಡೋದು ಗುದ್ದಲಿ.

ಗುಂಡಿನ ಸುರಿಮಳೆ, ನಿಜವಾದ ಮಳೆ

ಮೇ ಕೊನೆಯಿಂದ ಟಿಪ್ಪುವಿನ ಫಿರಂಗಿಗಳು ಕೆಲಸ ಶುರು ಮಾಡಿದವು. ಮಾರ್ಟರ್‌ಗಳಿಂದ ಭಾರೀ ಕಲ್ಲುಗಳನ್ನು ಕೂಡ ಕೋಟೆ ಒಳಗೆ ಎಸೆದರು ಅಂತ ಬ್ರಿಟಿಷ್ ಬರಹಗಳು ಹೇಳ್ತವೆ. ಫಿರಂಗಿ ನೇರ ಹೊಡೆಯುತ್ತೆ, ಮಾರ್ಟರ್ ಮೇಲಕ್ಕೆ ಹಾರಿಸಿ ಗೋಡೆ ದಾಟಿಸಿ ತಲೆ ಮೇಲೆ ಕೆಡವುತ್ತೆ. ಒಳಗಿದ್ದವರಿಗೆ ಗೋಡೆಯೂ ಆಸರೆ ಅಲ್ಲ, ಚಾವಣಿಯೂ ಆಸರೆ ಅಲ್ಲ.

ಗೋಡೆ ಒಡೆಯಿತು. ಇದು ಮುಖ್ಯ. ಫಿರಂಗಿ ತನ್ನ ಕೆಲಸ ಮಾಡಿತು. ಒಡಕಿನ ಮೂಲಕ ಒಳನುಗ್ಗಲು ಮತ್ತೆ ಮತ್ತೆ ದಾಳಿ ನಡೆಯಿತು. ಪ್ರತಿ ಸಲ ಒಳಗಿನವರು ಹಿಮ್ಮೆಟ್ಟಿಸಿದರು. ಗೋಡೆಯಲ್ಲಿ ತೂತು ಬಿದ್ದ ತಕ್ಷಣ ಕೋಟೆ ಸಿಗಲ್ಲ. ಆ ತೂತಿನ ಆಚೆ ಬಂದೂಕು ಹಿಡಿದ, ಇನ್ನೂ ಶಕ್ತಿ ಇರೋ ಜನ ನಿಂತಿರ್ತಾರೆ.

ಅಷ್ಟರಲ್ಲಿ ಜೂನ್ ಬಂತು. ನಮ್ಮ ದಾವಣಗೆರೆಗೆ ಇಡೀ ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ. ಮಂಗಳೂರಿಗೆ 3,500 ಮಿಲಿಮೀಟರ್‌ಗೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಜೂನ್-ಜುಲೈನಲ್ಲೇ. ಮದ್ದು ಅಂದ್ರೆ ಏನು? ಪೆಟ್ಲುಪ್ಪು, ಇದ್ದಿಲು, ಗಂಧಕ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿ, ಒದ್ದೆಯಾಗಿ ಗಂಟು ಕಟ್ಟಿರುತ್ತೆ. ಮದ್ದಿಗೂ ಅದೇ ಗತಿ. ತೇವ ಹಿಡಿದರೆ ಸರಿಯಾಗಿ ಉರಿಯಲ್ಲ, ಗುಂಡು ಅರ್ಧ ದಾರಿಯಲ್ಲೇ ಬೀಳುತ್ತೆ. ಕಂದಕದಲ್ಲಿ ನೀರು, ಫಿರಂಗಿಯ ಗಾಲಿ ಕೆಸರಲ್ಲಿ. ಸ್ಪೆಕ್ ಶೀಟಿನಲ್ಲಿ ಫಿರಂಗಿಯ ಶಕ್ತಿ ಬರೆದಿರುತ್ತೆ, ಆಷಾಢದ ಮಳೆ ಬರೆದಿರಲ್ಲ.

ರಾಕೆಟ್ ಎಲ್ಲಿ ಹೋಯ್ತು ಅಂತೀರಾ?

ಈ ಪ್ರಶ್ನೆ ಬಂದೇ ಬರುತ್ತೆ. ಮೈಸೂರು ರಾಕೆಟ್! ಸರಿ, ನೋಡೋಣ.

2018ರಲ್ಲಿ ಇದೇ ನಗರದಲ್ಲಿ, ಹರಿಹರದಿಂದ ಶಿವಮೊಗ್ಗ, ಹೊಸನಗರ ದಾಟಿ ಹೋದರೆ ಸಿಗೋ ಊರಲ್ಲಿ, ಪುರಾತತ್ವ ಇಲಾಖೆಯವರು ಒಂದು ಹಳೇ ಬಾವಿ ಅಗೆಸಿದಾಗ ಟಿಪ್ಪು ಕಾಲದ್ದು ಎನ್ನಲಾದ ಸಾವಿರದಷ್ಟು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಇವುಗಳ ವಿಶೇಷ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆ ತಡೆಯದಷ್ಟು ಒತ್ತಡವನ್ನು ಇದು ತಡೀತಿತ್ತು. ಅದಕ್ಕೇ ಒಂದು ಕಿಲೋಮೀಟರ್‌ಗೂ ದೂರ ಹಾರ್ತಿತ್ತು. ಗುಂಪಾಗಿ ನಿಂತ ಸೈನ್ಯ, ಕುದುರೆ, ಮದ್ದಿನ ಗಾಡಿ ಮೇಲೆ ಬಿದ್ದರೆ ಅನಾಹುತ. ಆದರೆ ಕಲ್ಲಿನ ಗೋಡೆ ಒಡೆಯೋಕೆ ಬೇಕಾದ ಭಾರವೂ ಇಲ್ಲ, ಗುರಿಯೂ ಇಲ್ಲ. ಒಂದೊಂದು ಸಲಕರಣೆಗೆ ಒಂದೊಂದು ಕೆಲಸ. ಅದು ಮಾಡದ ಕೆಲಸವನ್ನು ಅಭಿಮಾನದಿಂದ ಅದರ ತಲೆಗೆ ಕಟ್ಟಬಾರದು.

ಇದಕ್ಕೊಂದು ಪುರಾವೆ ದೂರದ ಅಮೆರಿಕದಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ತಯಾರಿಸಿದ. 1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಹಡಗುಗಳು ಬಾಲ್ಟಿಮೋರ್ ಬಂದರಿನ ಮೆಕ್‌ಹೆನ್ರಿ ಕೋಟೆ ಮೇಲೆ ಸುಮಾರು 25 ಗಂಟೆ ಕಾಲ ಬಾಂಬು, ರಾಕೆಟ್ ಸುರಿಸಿದವು. ಸಾವಿರದೈನೂರಕ್ಕೂ ಹೆಚ್ಚು. ಕೋಟೆಯಲ್ಲಿ ಸತ್ತವರು ನಾಲ್ಕು ಮಂದಿ. ಬೆಳಿಗ್ಗೆ ನೋಡಿದರೆ ಕೋಟೆ ನಿಂತಿತ್ತು, ಬಾವುಟ ಹಾರ್ತಿತ್ತು. ಅದನ್ನು ನೋಡಿ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಕವಿತೆಯೇ ಇವತ್ತು ಅಮೆರಿಕದ ರಾಷ್ಟ್ರಗೀತೆ. ಅದರಲ್ಲಿ ರಾಕೆಟ್ ಬೆಳಕಿನ ಪ್ರಸ್ತಾಪ ಇದೆ. ನಮ್ಮ ಕಡೆಯ ಕಮ್ಮಾರರ ಕೈಚಳಕದ ಮೊಮ್ಮಗ ಅಲ್ಲಿ ಹಾಡಿಗೆ ಸೇರಿತು, ಆದರೆ ಕೋಟೆ ಬೀಳಿಸಲಿಲ್ಲ. ಆ ಕೋಟೆಯ ಹಿಂದೆ ಊರಿತ್ತು, ಊರಿಂದ ಊಟ ಬರ್ತಿತ್ತು. ಮಂಗಳೂರಲ್ಲಿ ಕ್ಯಾಂಪ್‌ಬೆಲ್‌ಗೆ ಅದೊಂದು ಇರಲಿಲ್ಲ.

ಗುಂಡು ನಿಂತಿತು, ಅಕ್ಕಿಯ ಲೆಕ್ಕ ಶುರುವಾಯ್ತು

ಮತ್ತೆ ಮಂಗಳೂರಿಗೆ ಬರೋಣ. ಬ್ರಿಟನ್ ಮತ್ತು ಫ್ರಾನ್ಸ್ ಯುರೋಪಿನಲ್ಲಿ 1783ರ ಜನವರಿಯಲ್ಲೇ ಶಾಂತಿಗೆ ಒಪ್ಪಿಕೊಂಡಿದ್ದವು. ಆ ಸುದ್ದಿ ಹಡಗು ಹತ್ತಿ ಇಲ್ಲಿಗೆ ಬರೋಕೆ ಸುಮಾರು ಆರು ತಿಂಗಳು. ಬಂದ ಕೂಡಲೇ ಫ್ರೆಂಚರು ಹೋರಾಟದಿಂದ ಹಿಂದೆ ಸರಿದರು. ಆಗಸ್ಟ್ 2ಕ್ಕೆ ಕದನವಿರಾಮ ಆಯಿತು. ಗುಂಡು ನಿಂತಿತು, ಮುತ್ತಿಗೆ ನಿಲ್ಲಲಿಲ್ಲ.

ಈಗ ಕಿರಾಣಿ ಅಂಗಡಿಯವರ ಮಗನಾಗಿ ನನಗೆ ಮೈ ಜುಮ್ ಅನ್ನಿಸಿದ ಭಾಗ. ಒಪ್ಪಂದದ ಪ್ರಕಾರ ಕೋಟೆಯವರು ಹೊರಗಿನ ಬಜಾರಿನಿಂದ ದಿನಸಿ ಕೊಳ್ಳಬಹುದಿತ್ತು. ಬ್ರಿಟಿಷ್ ಬರಹಗಳ ಪ್ರಕಾರ ಆ ಬಜಾರಿನಲ್ಲಿ ಬೆಲೆ ನಿಧಾನಕ್ಕೆ ಏರುತ್ತಾ ಹೋಯಿತು. ಸಿಗೋ ಸಾಮಾನು ಕಮ್ಮಿಯಾಗುತ್ತಾ ಬಂತು. ಕೊನೆಗೆ ಬಜಾರೇ ಬಂದ್. ಒಂದು ಗುಂಡೂ ಹಾರಿಸದೆ ನಡೆಸಿದ ಆಕ್ರಮಣ ಅದು. ಫಿರಂಗಿಯ ಗುಂಡು ಗೋಡೆಗೆ ತಗಲುತ್ತೆ, ಅಕ್ಕಿಯ ರೇಟು ನೇರ ಹೊಟ್ಟೆಗೆ ತಗಲುತ್ತೆ.

ನವೆಂಬರ್‌ನಲ್ಲಿ ಜನರಲ್ ಮೆಕ್ಲಿಯಾಡ್ ಹಡಗುಗಳಲ್ಲಿ ಸೈನ್ಯ ತಂದ. ಕೋಟೆಯಿಂದ ಹಡಗು ಕಾಣಿಸ್ತಿತ್ತು. ಆದರೆ ಕದನವಿರಾಮ ಇದೆ, ಮಾತುಕತೆ ನಡೀತಿದೆ ಅನ್ನೋ ಕಾರಣಕ್ಕೆ ಅವನು ಯುದ್ಧ ಮಾಡದೆ ವಾಪಸ್ ಹೋದ. ಕೋಟೆಗೆ ತಲುಪಿದ ಮಾಂಸದಲ್ಲಿ ಹೆಚ್ಚಿನದು ತಿನ್ನಲಾಗದಷ್ಟು ಕೆಟ್ಟಿತ್ತು. ಯಾವುದೋ ಗೋಡೌನಿನಲ್ಲಿ ಕೂತು ಹಳಸಿದ ಸ್ಟಾಕು. ಇನ್ವಾಯ್ಸ್‌ನಲ್ಲಿ ಇತ್ತು, ತಟ್ಟೆಯಲ್ಲಿ ಇರಲಿಲ್ಲ.

ಒಳಗೆ ಸ್ಕರ್ವಿ ಹಬ್ಬಿತು. ತಾಜಾ ಹಣ್ಣು-ತರಕಾರಿ ಸಿಗದೆ ಸಿ ಜೀವಸತ್ವ ಕಮ್ಮಿಯಾಗಿ ಬರೋ ಕಾಯಿಲೆ. ವಸಡಿನಲ್ಲಿ ರಕ್ತ, ಹಳೇ ಗಾಯ ಮತ್ತೆ ಬಾಯಿ ಬಿಡುತ್ತೆ. ಸಿಪಾಯಿಗಳಲ್ಲಿ ಹಲವರಿಗೆ ಕಣ್ಣು ಕಾಣದಂತಾಯಿತು, ಕೆಲವರು ಬಂದೂಕು ಎತ್ತೋಕೆ ಹೋಗಿ ಬೀಳ್ತಿದ್ರು ಅಂತ ದಾಖಲಾಗಿದೆ. ನೆಲ್ಲಿಕಾಯಿ, ನಿಂಬೆಹಣ್ಣು ಬೆಳೆಯೋ ನಾಡಲ್ಲಿ, ಗೋಡೆಯ ಆಚೆ ಎಲ್ಲ ಇದ್ದಾಗ, ಈಚೆ ಆ ಕಾಯಿಲೆಯಿಂದ ಜನ ಸತ್ತರು.

1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. ಎಂಟು ತಿಂಗಳಿಗೂ ಹೆಚ್ಚು ಕಾಲದ ನಂತರ. ಉಳಿದವರು ಆಯುಧದೊಂದಿಗೆ ತಲಶ್ಶೇರಿಗೆ ಹೋಗಲು ಟಿಪ್ಪು ಬಿಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಗಿ ಯುದ್ಧ ಮುಗಿಯಿತು. ಅದೇ ತಿಂಗಳು ಕ್ಯಾಂಪ್‌ಬೆಲ್ ಮುಂಬೈನಲ್ಲಿ ತೀರಿಕೊಂಡ. ಅವನ ಸ್ಮಾರಕ ಅಲ್ಲಿನ ಸೇಂಟ್ ಥಾಮಸ್ ಕ್ಯಾಥೆಡ್ರಲ್‌ನಲ್ಲಿದೆ. ಸಿಪಾಯಿಗಳಿಗೆ? ಇವತ್ತಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಹಳೆಯ ಯುದ್ಧ ಗೌರವಗಳ ಪಟ್ಟಿಯಲ್ಲಿ 'ಮಂಗಳೂರು' ಅನ್ನೋ ಹೆಸರಿದೆ. ಊರಿನ ಹೆಸರು ಉಳಿಯಿತು, ಕಣ್ಣು ಕಳ್ಕೊಂಡವರ ಹೆಸರು ಉಳಿಯಲಿಲ್ಲ. ಹೊರಗಿನ ಕೆಸರು ಕಂದಕದಲ್ಲಿ ಸತ್ತ ಮೈಸೂರಿನ ಸೈನಿಕರದ್ದೂ ಅದೇ ಕಥೆ.

ಟಿಪ್ಪು ಕಲಿತ ಪಾಠ

ಗೆದ್ದ ಮೇಲೆ ಟಿಪ್ಪು ಏನು ಮಾಡಿದ ಗೊತ್ತಾ? ಅಷ್ಟು ಕಷ್ಟಪಟ್ಟು ಪಡೆದ ಆ ಕೋಟೆಯನ್ನೇ ಕೆಡವಿಸಿದ. 1801ರಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಕೊಡೋ ಕಾರಣ ಸರಳ: ಯುರೋಪಿಯನ್ನರ ದಾಳಿಯನ್ನು ಈ ಕೋಟೆ ತಡೆಯಲ್ಲ, ಅವರು ಒಳಗೆ ಕೂತರೆ ಬಿಡಿಸಿಕೊಳ್ಳೋದು ಮಾತ್ರ ಬಲು ಕಷ್ಟ. ಬ್ಯಾಲೆನ್ಸ್ ಶೀಟ್ ಭಾಷೆಯಲ್ಲಿ, ಅಸೆಟ್ ಅಂದ್ಕೊಂಡಿದ್ದು ಲಯಬಿಲಿಟಿ ಆಗಿತ್ತು.

ಅದರ ಬದಲು ಉಳಿದಿರೋದು ಮಂಗಳೂರಿನ ಬೋಳೂರಿನಲ್ಲಿರೋ ಸುಲ್ತಾನ್ ಬತ್ತೇರಿ. 1784ರಲ್ಲಿ ಕಟ್ಟಿಸಿದ್ದು ಅಂತ ಹೇಳ್ತಾರೆ. ಕಪ್ಪು ಕಲ್ಲಿನ ಪುಟ್ಟ ಕಾವಲು ಬುರುಜು, ಗೋಡೆಯಲ್ಲಿ ಫಿರಂಗಿ ಇಡೋ ಕಿಂಡಿಗಳು, ಕೆಳಗೆ ಮದ್ದು ಇಡೋ ಜಾಗ. ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ ನೋಡಿಕೊಳ್ಳೋದು ಅದರ ಒಂದೇ ಕೆಲಸ. ಮಂಗಳೂರಿಗೆ ಹೋದಾಗ ಎಲ್ಲರೂ ಅಲ್ಲಿ ಸೆಲ್ಫಿ ತಗೋತೀವಿ. ಮುಂದಿನ ಸಲ ಮೇಲೆ ಹತ್ತೋ ಮೊದಲು ಆ ಕೆಳಗಿನ ಜಾಗ ನೋಡಿ. ಕಟ್ಟಿದವರು ದಾಸ್ತಾನಿಗೆ ಮೊದಲು ಜಾಗ ಮಾಡಿ, ಅದರ ಮೇಲೆ ಫಿರಂಗಿ ಇಟ್ಟಿದ್ದಾರೆ.

ಮಾವನಿಗೆ ಈ ಇಡೀ ಕಥೆ ಹೇಳಿದೆ. ಕೇಳಿ ಒಂದೇ ಮಾತು ಅಂದ್ರು: "ಮಷೀನ್ ಬಗ್ಗೆ ಎಲ್ಲಾರೂ ಕೇಳ್ತಾರೆ ತಮ್ಮಾ. ಅದನ್ನು ಓಡಿಸೋನು ಊಟ ಮಾಡ್ಯಾನಾ ಅಂತ ಯಾರೂ ಕೇಳಲ್ಲ."

ಮುಂದಿನ ಸಲ ಯಾವುದಾದರೂ ಯುದ್ಧ ಶುರುವಾದಾಗ ನಿಮ್ಮ ಫೋನಿಗೆ ಕ್ಷಿಪಣಿಯ ವೇಗ, ದೂರ, ಬೆಲೆ ಎಲ್ಲ ಬರುತ್ತೆ. ನೋಡಿ, ತಪ್ಪಿಲ್ಲ. ಜೊತೆಗೆ ಎರಡು ಪ್ರಶ್ನೆ ಹಾಕ್ಕೊಳ್ಳಿ: ಇದಕ್ಕೆ ಬೇಕಾದ ಸಾಮಾನು ಎಲ್ಲಿಂದ ಬರ್ತಿದೆ? ಗೋಡೆಯ ಒಳಗಿರೋರು ಇವತ್ತು ಏನು ತಿಂದ್ರು?

ನಿಮ್ಮೂರಿನ ಹತ್ತಿರ ಹಳೇ ಕೋಟೆ, ಬುರುಜು, ಮದ್ದಿನ ಮನೆ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ. ಮುಂದಿನ ವಾರ ಸಿಗೋಣ. ಊಟ ಆಗಿಲ್ಲದಿದ್ರೆ ಮೊದಲು ಊಟ ಮಾಡಿ. ನಮಸ್ಕಾರ.